ಮೊಲದ ಪಾರಣೆ

ಎಂಬತ್ತರ ದಶಕದ ನಡುಭಾಗದಲ್ಲಿ ಮೂಡುಬಿದಿರೆಯ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಬಿಳಿ ಮೊಲ ವಾಸವಾಗಿತ್ತು. ಬಂದವರೆಲ್ಲ ಗೂಡಿನ ಮುಂದೆ ಬಗ್ಗಿ, "ಎಷ್ಟು ಚಂದ ಉಂಟಲ್ಲಾ! ಮಕ್ಕಳಿಗೆ ಆಡ್ಲಿಕ್ಕಾ?" ಎಂದು ಕೇಳುತ್ತಿದ್ದರು. "ಅಲ್ಲ, ಆ್ಯಂಟಿಬಾಡಿ ಮಾಡ್ಲಿಕ್ಕೆ" ಎಂದು ನಾನು ಹೇಳಿದರೆ ಮುಖ ಸಣ್ಣದು ಮಾಡಿಕೊಂಡು, "ಪಾಪ, ಯಾರಿಗೆ ಹುಷಾರಿಲ್ಲ?" ಎನ್ನುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಹುಷಾರಿಲ್ಲದ್ದು ನನ್ನ ರಿಸರ್ಚಿಗೆ.

ನಾನು ಬಂಟ್ವಾಳ ಪೇಟೆಯ ಹುಡುಗಿ. ಅಪ್ಪನಿಗೆ ಜವಳಿ ಅಂಗಡಿ. ಮಗಳಿಗೆ ಇಂಗ್ಲಿಷ್ ಬರಬೇಕೆಂದು ಮಂಗಳೂರಿನ ಕಾನ್ವೆಂಟಿನಲ್ಲಿ, ಸಿಸ್ಟರ್‌ಗಳ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಅಲ್ಲಿ ಕಲಿತ "ಎಕ್ಸ್‌ಕ್ಯೂಸ್ ಮಿ", "ಮೈ ಗುಡ್‌ನೆಸ್" ಈ ವಯಸ್ಸಿನಲ್ಲೂ ಬಾಯಿ ಬಿಟ್ಟು ಹೋಗಿಲ್ಲ. ಕಾಲೇಜಿಗೆ ಸೇರುವಾಗ ಜುವಾಲಜಿಯೋ ಬಾಟನಿಯೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲೇ ಇಲ್ಲ. ನಾವು ಜೈನರು, ಕಪ್ಪೆ ಕೊಯ್ಯುವ ಓದು ಬೇಡ ಎಂದರೆ ಬೇಡ. ಬಾಟನಿ ಓದಿದೆ, ಮೂಡುಬಿದಿರೆಗೆ ಮದುವೆಯಾದೆ, ಅಲ್ಲಿಯೇ ಕಾಲೇಜಿನಲ್ಲಿ ಲೆಕ್ಚರರ್ ಆದೆ. ಅತ್ತೆಯನ್ನು ನಾವು ಮಾಮಿ ಎಂದೇ ಕರೆಯುವುದು. ಮಾಮಿಗೆ ನನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆ. ನೆಂಟರ ಹತ್ತಿರ, "ನಮ್ಮ ಸೊಸೆ ಹೂವಿನ ಟೀಚರ್" ಎಂದು ಹೇಳಿಕೊಳ್ಳುತ್ತಿದ್ದರು. ಹೂವಿನ ಟೀಚರಿಗೂ ಕೊನೆಗೆ ಮೊಲ ಗಂಟುಬೀಳುತ್ತದೆ ಎಂದು ಆಗ ಯಾರು ಎಣಿಸಿದ್ದರು?

ಆಗ ಕಾಲೇಜಿನ ಮೇಷ್ಟ್ರುಗಳು ಕೆಲಸದಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡುವ ಒಂದು ಗಾಳಿ ಬೀಸಿತ್ತು. ನನಗೂ ತಾಗಿತು. ಮೈಸೂರಿನಲ್ಲಿ ಒಬ್ಬರು ಗೈಡ್ ಸಿಕ್ಕಿದರು. ತಲೆತುಂಬ ಬೆಳ್ಳಿ ಕೂದಲು, ಕೈಯಲ್ಲಿ ಸದಾ ಒಂದು ಚಾಕ್‌ಪೀಸು. ಅವರು ನನಗೆ ಕೊಟ್ಟ ವಿಷಯ ಕಾಳಿನ ಒಳಗಿನ ನಿದ್ದೆ. ಒಣಗಿದ ಹೆಸರುಕಾಳು ಡಬ್ಬದಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ನೀರು ತಾಗಿದ ಕೂಡಲೇ ಎದ್ದು ಮೊಳಕೆ ಒಡೆಯುತ್ತದೆ. ಎದ್ದ ಮೇಲೆ ಮೊದಲು ಏನು ಮಾಡಬೇಕೆಂಬ ಅಪ್ಪಣೆ ಆ ಕಾಳಿನಲ್ಲಿ ಮೊದಲೇ ಆರ್‌ಎನ್‌ಎ ರೂಪದಲ್ಲಿ ತಯಾರಾಗಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಆ ಅಪ್ಪಣೆ ಜಾರಿಯಾಗದಂತೆ ಒಂದು ಪ್ರೋಟೀನು ಆರ್‌ಎನ್‌ಎಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿರುತ್ತದೆ ಎಂಬುದು ಗೈಡರ ನಂಬಿಕೆ. ಅದನ್ನು ಕಾಳಿನಲ್ಲಿ ಗುರುತಿಸಬೇಕು. ನೆನೆಸಿದ ಮೇಲೆ ಅದು ಯಾವಾಗ ಕೈಬಿಟ್ಟು ಹೋಗುತ್ತದೆಂದು ನೋಡಬೇಕು. ಹೆಸರು ಮುಗಿದ ಮೇಲೆ ಉದ್ದು, ಆಮೇಲೆ ಹುರುಳಿ. ಮೂರೂ ಆದರೆ ಪಿಎಚ್‌ಡಿ.

ಇದನ್ನು ಮಾಮಿಗೆ ಹೇಗೆ ಹೇಳುವುದು? ಅಟ್ಟದಲ್ಲಿದ್ದ ಅಕ್ಕಿಮುಡಿ ತೋರಿಸಿದೆ. "ಮಾಮಿ, ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು ಇಟ್ಟರೆ ಅಕ್ಕಿ ಮಳೆಗಾಲ ಕಳೆದರೂ ಹಾಳಾಗುವುದಿಲ್ಲ ಅಲ್ವಾ? ಕಾಳಿನ ಒಳಗೂ ಹಾಗೆ ಬಿಗಿದ ಒಂದು ಹಗ್ಗ ಉಂಟು. ನಾನು ಆ ಹಗ್ಗ ಹುಡುಕುವುದು."

ಮಾಮಿ, "ಹುಡುಕು. ಆದರೆ ಮೊಳಕೆ ಗಿಳಕೆ ನನ್ನ ಅಡುಗೆಮನೆಯಲ್ಲಿ ಬೇಡ" ಎಂದರು. ಮೊಳಕೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಎಂಬುದು ಅವರ ಕಟ್ಟುನಿಟ್ಟು.

ಹೆಸರುಕಾಳಿಗೇನೂ ಬರವಿರಲಿಲ್ಲ. ನರಿಕೊಂಬಿನಲ್ಲಿ ದೊಡ್ಡಮ್ಮನ ಗದ್ದೆ ಇತ್ತು. ಭತ್ತದ ಕೊಯ್ಲಾದ ಮೇಲೆ ಅಲ್ಲಿ ಹೆಸರು ಬಿತ್ತುತ್ತಿದ್ದರು. ಆ ಕಾಳನ್ನು ಮೈಸೂರಿಗೆ ಒಯ್ದು, ಅರೆದು, ಸೋಸಿ, ರಜೆಯೆಲ್ಲ ಅಲ್ಲಿಯೇ ಕಳೆದು ಚಿಟಿಕೆಯಷ್ಟು ಪ್ರೋಟೀನು ತೆಗೆದೆ. ಆದರೆ ಪ್ರೋಟೀನು ಕಣ್ಣಿಗೆ ಕಾಣುವ ವಸ್ತುವಲ್ಲ. ನೂರು ಪ್ರೋಟೀನುಗಳ ಸಂತೆಯಲ್ಲಿ ಅದೊಂದನ್ನೇ ಹಿಡಿದುಕೊಡಲು ಆ್ಯಂಟಿಬಾಡಿ ಬೇಕು. ಈಗ ಅಂಥದು ಸಣ್ಣ ಶೀಶೆಗಳಲ್ಲಿ ತಯಾರಾಗಿ ಕೊರಿಯರಿನಲ್ಲಿ ಬರುತ್ತದಂತೆ. ಆಗ ನಾವೇ ಮಾಡಿಕೊಳ್ಳಬೇಕಿತ್ತು, ಅದಕ್ಕೆ ಮೊಲ ಬೇಕಿತ್ತು. ಮೊಲದ ಮೈಗೆ ಆ ಪ್ರೋಟೀನು ಚುಚ್ಚಿದರೆ ಮೊಲದ ರಕ್ತ, "ಇದ್ಯಾರು ಪರಕೀಯ?" ಎಂದು ಅದನ್ನು ಹಿಡಿಯುವ ಆ್ಯಂಟಿಬಾಡಿಯನ್ನು ತಾನೇ ತಯಾರಿಸುತ್ತದೆ. ಆಮೇಲೆ ಕಿವಿಯ ನರದಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಹಳದಿ ತಿಳಿಯನ್ನು ಬಸಿದುಕೊಳ್ಳುವುದು. ಆ ತಿಳಿಯೇ ಸೀರಮ್.

ಮೈಸೂರಿನಲ್ಲಿ ಮೊಲ ಇಡಲು ಜಾಗವಿಲ್ಲ. ನಮ್ಮ ಕಾಲೇಜಿನಲ್ಲಿ ಮೊಲ ಎಂದರೆ ಪ್ರಿನ್ಸಿಪಾಲರು ನಕ್ಕುಬಿಟ್ಟರು. ಉಳಿದದ್ದು ಮನೆ. ಮಾಮಿಯ ಒಪ್ಪಿಗೆ ಕೇಳಲು ನಾನೂ ನನ್ನ ಗಂಡನೂ ಒಟ್ಟಿಗೆ ಹೋಗಿ ನಿಂತೆವು. ಗಂಡ ಬ್ಯಾಂಕಿನಲ್ಲಿದ್ದರು, ಎದುರಿಗೆ ಬಂದವರನ್ನು ನಗಿಸದೆ ಕಳಿಸುವವರಲ್ಲ, ಆದರೆ ಅಮ್ಮನ ಮುಂದೆ ಮೌನಿ.

"ರಕ್ತ ತೆಗೆಯುವುದಾ?" ಮಾಮಿ ಕೇಳಿದರು.

"ಡಾಕ್ಟ್ರು ನಮ್ಮದು ಟೆಸ್ಟಿಗೆ ತೆಗೆಯುವುದಿಲ್ವಾ ಮಾಮಿ, ಹಾಗೆ. ಸ್ವಲ್ಪ."

"ಸಾಯುವುದಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಬರಲಿ. ಆದರೆ ಕೇಳು ಮಗಾ, ಈ ಮನೆಗೆ ಬಂದ ಜೀವ ಈ ಮನೆಯಿಂದ ಸಾಯ್ಲಿಕ್ಕೆ ಹೋಗಬಾರದು."

ಮಾಮಿ ಬೆಳ್ತಂಗಡಿ ಆಚೆ ಮುಂಡಾಜೆಯವರು. ಘಾಟಿಯ ಗಾಳಿ ಕುಡಿದು ಬೆಳೆದವರ ಮಾತಿಗೆ ಎರಡನೇ ಮಾತಿಲ್ಲ. ನಾನು ಧೈರ್ಯವಾಗಿ ತಲೆಯಾಡಿಸಿದೆ. ರಿಸರ್ಚಿನಲ್ಲಿ ಫುಲ್ ಬ್ಲೀಡ್ ಎಂಬುದೊಂದು ಉಂಟೆಂದು ಆ ತನಕ ನನಗೆ ಯಾರೂ ಹೇಳಿರಲಿಲ್ಲ.

ಮೊಲ ಬಂತು. ಮಾಮಿ ಅದಕ್ಕೆ ಹೆಸರಿಡಲು ಬಿಡಲಿಲ್ಲ. "ಹೆಸರಿಟ್ಟರೆ ಮೋಹ ಹತ್ತುತ್ತದೆ" ಎಂದು ಎಚ್ಚರಿಸಿ, ಅಂದಿನಿಂದಲೇ ತಾವೇ ಗರಿಕೆ ಕಿತ್ತು ತಂದು ಹಾಕತೊಡಗಿದರು. ಸೂರ್ಯ ಮುಳುಗಿದ ಮೇಲೆ ಹೇಗೂ ನಮ್ಮ ಮನೆಯಲ್ಲಿ ಊಟವಿಲ್ಲ. ಮೊಲಕ್ಕೂ ಅದೇ ಕಾನೂನು. ನಾನು ಪ್ರೋಟೀನನ್ನು ಎಣ್ಣೆಯೊಂದಿಗೆ ಬೆಣ್ಣೆಯಂತಾಗುವ ತನಕ ಕಡೆದು, ಬೆನ್ನಿನ ಚರ್ಮದಡಿ ಚುಚ್ಚಿದೆ. ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದೆ. ಆಮೇಲೆ ರಕ್ತದ ಸರದಿ. ಗೈಡರ ಸೂಚನೆ ಖಡಾಖಂಡಿತ: ಹಿಂದಿನ ಸಂಜೆಯಿಂದ ಮೇವು ಬೇಡ, ಖಾಲಿ ಹೊಟ್ಟೆಯ ರಕ್ತವೇ ಬೇಕು, ಇಲ್ಲದಿದ್ದರೆ ಸೀರಮ್ ತಿಳಿಯಾಗಿ ಬರುವುದಿಲ್ಲ. ಕಾಲೇಜಿಗೂ ಬ್ಯಾಂಕಿಗೂ ರಜೆಯೆಂದು ಭಾನುವಾರ ಇಟ್ಟುಕೊಂಡೆವು. ಬೆಳಗ್ಗಿನ ಕೆಲಸ, ಸ್ನಾನ ಎಲ್ಲ ಮುಗಿದ ಮೇಲೆ ಗಂಡ ಮೊಲವನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುವುದು, ನಾನು ಬಿಸಿಬಟ್ಟೆಯಿಂದ ಕಿವಿ ಒತ್ತಿ, ನರ ಉಬ್ಬಿದ ಮೇಲೆ ಸೂಜಿ ಹಾಕುವುದು.

"ಹೆದರಬೇಡ ಮಾರಾಯ, ಟೀಚರ್ ಕೈ ಮೆತ್ತಗೆ" ಎಂದು ಗಂಡ ಮೊಲಕ್ಕೆ ಹೇಳುತ್ತಿದ್ದರು. ಕಣ್ಣು ಮಾತ್ರ ಬೇರೆ ಕಡೆ. ರಕ್ತ ಕಂಡರೆ ಅವರಿಗೇ ತಲೆ ತಿರುಗುವುದು.

ಸೀರಮ್ ಇಡಲು ಫ್ರಿಜ್ ಬೇಕಲ್ಲ? ಬಿ.ಸಿ.ರೋಡಿನಲ್ಲಿ ನನ್ನ ತಮ್ಮನ ಮೆಡಿಕಲ್ ಶಾಪ್ ಇತ್ತು. ಅಲ್ಲಿ ಇನ್ಸುಲಿನ್ ಇಡುವ ಫ್ರಿಜ್ ಇತ್ತು. ಥರ್ಮಾಸಿನಲ್ಲಿ ಐಸ್ ತುಂಬಿ, ನಡುವೆ ಟ್ಯೂಬು ನಿಲ್ಲಿಸಿ, ಸಿದ್ಧಕಟ್ಟೆ ಮಾರ್ಗದ ಬಸ್ಸು ಹಿಡಿದು ಹೋಗುತ್ತಿದ್ದೆ. ಒಮ್ಮೆ ಪಕ್ಕದ ಸೀಟಿನ ಅಜ್ಜಿ ಥರ್ಮಾಸನ್ನೇ ನೋಡುತ್ತಾ ಬಂದವರು ಕೊನೆಗೆ ತಡೆಯಲಾರದೆ, "ಕಾಫಿಯಾ ಮಗಾ? ಒಂದು ಗುಟುಕು ಉಂಟಾ? ತಲೆ ಸಿಡೀತದೆ" ಎಂದರು.

"ಕಾಫಿ ಅಲ್ಲ ಅಮ್ಮಾ, ಮೊಲದ ರಕ್ತದ ನೀರು."

ಅಜ್ಜಿ ಮುಂದಿನ ಸ್ಟಾಪಿನಲ್ಲಿ ಇಳಿದರು. ಅವರ ಸ್ಟಾಪು ಅದೇ ಆಗಿತ್ತೋ ಇಲ್ಲವೋ ದೇವರೇ ಬಲ್ಲ.

ತಮ್ಮನದ್ದು ಬೇರೆ ಗೋಳು. "ಅಕ್ಕ, ಗಿರಾಕಿಗಳು ಇದೆಂಥದು ಅಂತ ಕೇಳ್ತಾರೆ. ಮಾರ್ಲಿಕ್ಕೆ ಅಂದ್ಕೊಂಡಿದ್ದಾರೆ."

"ಮಾರು. ರೇಟು ನೀನೇ ಹೇಳು" ಎಂದೆ.

ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ. ಗಾಜಿನ ತಟ್ಟೆಯಲ್ಲಿ ಅಗರ್ ಕಾಯಿಸಿ ಹೊಯ್ಯುವುದು. ಗೈಡರು ಕೊಟ್ಟ ಅಗರ್ ಮುಗಿದ ಮೇಲೆ ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸನ್ನೇ ಅಂಗಡಿಯಿಂದ ತಂದೆ. ಅದು ಗಟ್ಟಿಯಾದ ಮೇಲೆ ಹಳೆಯ ಪೆನ್ನಿನ ಲೋಹದ ಕೊಳವೆಯಿಂದ ಎರಡು ಸಣ್ಣ ಗುಳಿ ಮಾಡಿ, ಒಂದರಲ್ಲಿ ಮೊಲದ ಸೀರಮ್, ಇನ್ನೊಂದರಲ್ಲಿ ಹೆಸರುಕಾಳಿನ ಸಾರ. ಎರಡೂ ಮೆಲ್ಲಗೆ ಹರಡುತ್ತಾ ನಡುದಾರಿಯಲ್ಲಿ ಭೇಟಿಯಾಗಬೇಕು. ಸೀರಮ್ಮಿನಲ್ಲಿ ಸರಿಯಾದ ಆ್ಯಂಟಿಬಾಡಿ ಇದ್ದರೆ ಭೇಟಿಯಾದ ಜಾಗದಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ಕೂದಲೆಳೆಯಷ್ಟು ಸಣ್ಣದು. ಕೆಳಗೆ ಕಪ್ಪು ಬಟ್ಟೆ ಇಟ್ಟು, ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಬೇಕು.

ನೋಡಿದೆ. ಗೆರೆ ಇಲ್ಲ. ಮಂಜು ಮಾತ್ರ.

ಸೀರಮ್ಮೇ ಹಾಗಿತ್ತು. ಹುಲ್ಲಿನ ಬಣ್ಣದ ತಿಳಿ ಬರಬೇಕಾದಲ್ಲಿ ಹಾಲು ಬೆರೆಸಿದ ನೀರಿನ ಹಾಗೆ ಬಿಳುಪು. ಮತ್ತೊಂದು ಭಾನುವಾರ ತೆಗೆದೆ, ಮತ್ತೆ ಅದೇ. ಅಗರ್ ಬದಲಾಯಿಸಿದೆ, ಟ್ಯೂಬುಗಳನ್ನು ಕುದಿಸಿದೆ. ನನ್ನ ಕೈಯನ್ನೇ ಅನುಮಾನಿಸಿದೆ. ಗೈಡರು ಮೊಲವನ್ನು ಅನುಮಾನಿಸಿದರು. ಟ್ರಂಕ್ ಕಾಲಿನಲ್ಲಿ ಅವರ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿತು: "ನೋಡೀಮ್ಮಾ, ಕೆಲವು ಮೊಲ ರೆಸ್ಪಾಂಡ್ ಮಾಡಲ್ಲ. ಅದನ್ನ ಮುಗಿಸಿಬಿಡಿ, ಬೇರೆ ತಗೊಳ್ಳಿ. ಟೈಮ್ ವೇಸ್ಟ್ ಮಾಡ್ಬೇಡಿ."

ಮುಗಿಸಿಬಿಡಿ. ಫೋನಿದ್ದ ಪಕ್ಕದ ಮನೆಯಿಂದ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಆ ಮಾತು ಕಾಲಿಗೆ ಕಲ್ಲು ಕಟ್ಟಿದ ಹಾಗಾಗಿತ್ತು. ಮಾಮಿಗೆ ಹೇಳಲಿಲ್ಲ. ಇನ್ನೊಂದೇ ಒಂದು ಸಲ ನೋಡುವ ಎಂದು ಗಂಡನಿಗೆ ಹೇಳಿದೆ.

ಆ ಭಾನುವಾರ ಯಾಕೋ ಬೇಗ ಎಚ್ಚರವಾಯಿತು. ಹಿಂದಿನ ಜಗಲಿಗೆ ಬಂದರೆ ಗೂಡಿನ ಬಾಗಿಲು ತೆರೆದಿದೆ. ಮಾಮಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ಮೊಲ ಅವರ ಮಡಿಲಿನ ಬಟ್ಟಲಿಗೆ ಮುಖವಿಟ್ಟಿದೆ. ತಲೆ ಎತ್ತಿದಾಗ ಮೀಸೆಯ ತುದಿಯಲ್ಲಿ ತುಪ್ಪ ಹೊಳೆಯುತ್ತಿತ್ತು.

"ಮಾಮೀ! ಎಂಥ ಮಾಡ್ತಾ ಇದ್ದೀರಿ?"

"ಪಾರಣೆ" ಎಂದರು ಮಾಮಿ, ಇದೇನು ಕೇಳುವ ಪ್ರಶ್ನೆ ಎಂಬಂತೆ.

ಬಟ್ಟಲಿನಲ್ಲಿ ತುಪ್ಪದಲ್ಲಿ ಹುರಿದ ಹೆಸರುಬೇಳೆ, ಹೆರೆದ ತೆಂಗಿನಕಾಯಿ, ಚೂರು ಬೆಲ್ಲ. ನಮ್ಮಲ್ಲಿ ಉಪವಾಸ ಮಾಡಿದವರಿಗೆ ಮರುದಿನ ಬೆಳಿಗ್ಗೆ ಒಳ್ಳೆಯ ವಸ್ತು ಉಣ್ಣಿಸಿ ಉಪವಾಸ ಬಿಡಿಸುತ್ತೇವೆ, ಅದೇ ಪಾರಣೆ. ಶನಿವಾರ ಸಂಜೆಯಿಂದ ಮೇವು ತಪ್ಪಿಸಿದ್ದನ್ನು ಮಾಮಿ ಉಪವಾಸ ಎಂದೇ ಲೆಕ್ಕ ಹಿಡಿದಿದ್ದರು. ಪ್ರತಿ ಸಲವೂ ಸೂರ್ಯ ಹುಟ್ಟುತ್ತಲೇ ಶಾಸ್ತ್ರೋಕ್ತವಾಗಿ ಬಿಡಿಸಿದ್ದರು. ಆ ತುಪ್ಪ, ಆ ಕಾಯಿ ಎಲ್ಲ ಕರಗಿ ರಕ್ತಕ್ಕೆ ಸೇರುವ ಹೊತ್ತಿಗೆ ಸರಿಯಾಗಿ ನಾನು ಸೂಜಿ ಹಿಡಿದು ಬರುತ್ತಿದ್ದೆ.

"ಅದು ಖಾಲಿ ಹೊಟ್ಟೆಯಲ್ಲಿ ಇರಬೇಕು ಮಾಮಿ! ಕೊಬ್ಬು ಸೇರಿ ಸೀರಮ್ ಹಾಲಿನ ಹಾಗೆ ಆಗ್ತದೆ. ಅದಕ್ಕೇ ಏನೂ ಕಾಣುವುದಿಲ್ಲ!"

"ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುವುದಾ? ನಿನ್ನ ಗಂಡ ಕಾಫಿ ಕುಡಿಯದೆ ಪೇಪರ್ ಸಹ ಓದುವುದಿಲ್ಲ. ಈ ಬಾಯಿ ಬಾರದ್ದು ರಕ್ತ ಕೊಡಬೇಕಾ?"

"ನನ್ನನ್ನು ಯಾಕೆ ಎಳೀತೀರಿ?" ಒಳಗಿಂದ ಗಂಡನ ದನಿ.

ನಾನು ಗೂಡಿನ ಪಕ್ಕ ಕುಳಿತು ಹೇಳಿಯೇ ಬಿಟ್ಟೆ. ರಕ್ತ ತಿಳಿಯಾಗಿ ಬರದಿದ್ದರೆ ಈ ಮೊಲ ನಿಷ್ಪ್ರಯೋಜಕ ಎಂದು ಗೈಡರು ಬರೆದುಬಿಡುತ್ತಾರೆ, ಇದನ್ನು ಮುಗಿಸಲು ಆಗಲೇ ಹೇಳಿದ್ದಾರೆ ಎಂದು. ಮಾಮಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. ತುಪ್ಪದ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಕೇಳಿದರು, "ಮೊದಲು ರಕ್ತ, ಆಮೇಲೆ ಪಾರಣೆ. ಆಗಬಹುದಾ?"

"ಆಗಬಹುದು."

"ಹಾಗಾದ್ರೆ ಭಾನುವಾರ ಬೇಡ. ಚತುರ್ದಶಿಗೆ ನನಗೂ ಉಪವಾಸ ಉಂಟಲ್ಲಾ? ಅದೂ ನನ್ನ ಒಟ್ಟಿಗೆ ಇರಲಿ. ಮರುದಿನ ಬೆಳಿಗ್ಗೆ ನೀನು ತೆಗೆ. ಅದು ತಿಂದ ಮೇಲೆಯೇ ನಾನು ತಿನ್ನುವುದು."

ಚತುರ್ದಶಿಯ ಮರುದಿನ ವಾರದ ನಡುವೆ ಬಂತು. ಬೆಳಕು ಹರಿಯುವ ಹೊತ್ತಿಗೆ ಗಂಡ ಟವೆಲು ಹಿಡಿದು, ನಾನು ಸೂಜಿ ಹಿಡಿದು, ಮಾಮಿ ಬಟ್ಟಲು ಹಿಡಿದು ಜಗಲಿಯಲ್ಲಿ ಸೇರಿದೆವು. "ಬೇಗ ಮುಗಿಸು ಮಗಾ, ಅದಕ್ಕೂ ಹಸಿವು, ನನಗೂ ಹಸಿವು" ಎಂದು ಮಾಮಿ ನನ್ನ ಭುಜದ ಮೇಲಿಂದ ಬಗ್ಗಿ ಅವಸರಪಡಿಸಿದರು.

ಸೀರಮ್ ಬಂತು ನೋಡಿ! ಹೊಸ ಬೈಹುಲ್ಲಿನ ಬಣ್ಣ. ಗಾಜಿನ ಆಚೆ ಬೆರಳಿನ ಗೆರೆ ಕಾಣುವಷ್ಟು ತಿಳಿ. ಲ್ಯಾಬಿನಲ್ಲಿ ತಟ್ಟೆ ಇಟ್ಟು ಬಂದು ಕ್ಲಾಸು ತೆಗೆದುಕೊಂಡೆ. ಏನು ಪಾಠ ಮಾಡಿದೆನೋ ಮಕ್ಕಳೇ ಹೇಳಬೇಕು. ಮರುದಿನ ಕಿಟಕಿಯ ಬಳಿ ಕಪ್ಪು ಬಟ್ಟೆಯ ಮೇಲೆ ತಟ್ಟೆಯನ್ನು ಓರೆ ಮಾಡಿದಾಗ ಎರಡು ಗುಳಿಗಳ ನಡುವೆ ಒಂದು ಬಿಳಿ ಗೆರೆ. ತುಸು ಬಾಗಿತ್ತು. ಅಲುಗಿದರೆ ಅಳಿಸಿಹೋಗುತ್ತದೋ ಎಂಬಂತೆ ಉಸಿರು ಹಿಡಿದು ನೋಡಿದೆ. ಅಳಿಸಲಿಲ್ಲ.

ಪಕ್ಕದ ಮನೆಗೆ ಓಡಿ ಟ್ರಂಕ್ ಕಾಲ್ ಬುಕ್ ಮಾಡಿದೆ. ಗೈಡರಿಗೆ ನನಗಿಂತ ಸಂತೋಷ. "ವಂಡರ್‌ಫುಲ್! ಹಾಗಾದ್ರೆ ತಡ ಮಾಡ್ಬೇಡಿ. ಈಗ ಪೀಕ್‌ನಲ್ಲಿದೆ, ಮೊಲನ ಇಲ್ಲಿಗೆ ತನ್ನಿ, ಫುಲ್ ಬ್ಲೀಡ್ ಮಾಡಿಬಿಡೋಣ."

ಫುಲ್ ಬ್ಲೀಡ್ ಎಂದರೇನು ಎಂದು ಕೇಳಿದೆ. ಮೊಲದ ಹೃದಯದಿಂದಲೇ ಇದ್ದಷ್ಟೂ ರಕ್ತವನ್ನು ಒಮ್ಮೆಗೇ ತೆಗೆದುಕೊಳ್ಳುವುದು. ಆಮೇಲೆ ಮೊಲ ಇರುವುದಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟರು. "ಫೇಲಾದರೂ ಕತ್ತಿ, ಪಾಸಾದರೂ ಕತ್ತಿ. ಇದಕ್ಕಿಂತ ಪಿಯುಸಿ ಪರೀಕ್ಷೆ ಸುಲಭ ಮಾರಾಯ್ತಿ." ನಕ್ಕೆವು. ಆಮೇಲೆ ಇಬ್ಬರಿಗೂ ನಗು ನಿಂತಿತು.

ನಾನು ಮೊಲ ಒಯ್ಯದೆ ದಿನ ದೂಡುತ್ತಿದ್ದೆ. ಮುಂದಿನ ತಿಂಗಳು ಗೈಡರು ಬಸದಿಗಳನ್ನು ನೋಡುವ ನೆಪದಲ್ಲಿ ಮೂಡುಬಿದಿರೆಗೇ ಬಂದರು. ನಮ್ಮಲ್ಲಿ ಮಧ್ಯಾಹ್ನದ ಊಟ. ಮಾಮಿ ಪತ್ರೊಡೆ ಮಾಡಿ ಬಡಿಸಿದರು. ಗೈಡರು ಎರಡನೇ ಸಲ ಹಾಕಿಸಿಕೊಂಡು, ಕೈ ತೊಳೆದು, ಜಗಲಿಗೆ ಬಂದು ಮೊಲವನ್ನು ಬಹಳ ಹೊತ್ತು ನೋಡಿದರು. ಅವರು ಕಟುಕರಲ್ಲ. ಮೊಲದ ಕಿವಿಯನ್ನು ಬೆಳಕಿಗೆ ಹಿಡಿದು, "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಾ, ಒಂದು ಗಾಯ ಇಲ್ಲ" ಎಂದು ಮೆಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸ್ವಲ್ಪ ಸ್ವಲ್ಪ ತೆಗೆದ್ರೆ ಒಂದು ಸಲದ ಸೀರಮ್ ಇನ್ನೊಂದು ಸಲದ ಥರ ಇರಲ್ಲಮ್ಮಾ. ಒಂದಕ್ಕೊಂದು ಹೋಲಿಸೋಕೆ ಆಗಲ್ಲ. ಬರ್ತಾ ಬರ್ತಾ ಶಕ್ತಿನೂ ಕಮ್ಮಿ ಆಗುತ್ತೆ. ನಾಳೆ ಇದಕ್ಕೇ ಏನಾದ್ರೂ ಆಗಿ ಸತ್ರೆ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಉದ್ದು, ಹುರುಳಿ ಎಲ್ಲ ಬಿಡ್ಬೇಕಾಗುತ್ತೆ. ಬರೀ ಹೆಸರುಕಾಳಿಗೆ ಪಿಎಚ್‌ಡಿ ಕೊಡಲ್ಲ."

ಒಂದೊಂದು ಮಾತೂ ಸರಿಯಾಗಿತ್ತು. ಅದೇ ಕಷ್ಟ. ಮಾಮಿ ಬಾಗಿಲ ಬಳಿ ನಿಂತಿದ್ದರು. ಗೈಡರು ಅವರನ್ನು ನೋಡಿ, "ಏನಮ್ಮಾ, ನಿಮ್ಮ ಸೊಸೆ ಡಾಕ್ಟರ್ ಆಗೋದು ಬೇಡ್ವಾ?" ಎಂದರು.

"ಯಾಕೆ ಬೇಡ? ಆಗ್ಲಿ. ಬಂಟ್ವಾಳದವರೆಗೂ ಹೋಗಿ ಹೇಳಿ ಬರ್ತೇನೆ" ಎಂದರು ಮಾಮಿ. ಅಷ್ಟೇ. ಮೊಲದ ಸುದ್ದಿಯೇ ಎತ್ತಲಿಲ್ಲ. ಹಳೆಯ ಷರತ್ತನ್ನು ನೆನಪಿಸಲಿಲ್ಲ. ನನ್ನ ಮುಖವನ್ನೂ ನೋಡದೆ ಒಳಗೆ ಹೋಗಿ ಪಾತ್ರೆ ಎತ್ತಿಡತೊಡಗಿದರು. ಅವರು ಒಂದು ಮಾತು ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅತ್ತೆ ಬಿಡುವುದಿಲ್ಲ ಸರ್ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ದಾರಿ ಅವರು ಕೊಡಲಿಲ್ಲ.

"ಸರ್, ನಾನು ಹೆಸರುಕಾಳು ಮಾತ್ರ ಮಾಡ್ತೇನೆ" ಎಂದೆ.

"ಎಂಫಿಲ್ ಆಗುತ್ತೆ ಅಷ್ಟೇ."

"ಸಾಕು ಸರ್."

ಅವರು ತಲೆ ಕೆರೆದುಕೊಂಡರು. ಚಾಕ್‌ಪೀಸಿಗೋ ಏನೋ, ಜೇಬು ತಡವಿದರು. "ಮೊಂಡು ಹೆಂಗಸು ನೀವು" ಎಂದು ಬೈದು, ಕಟ್ಟಿಕೊಟ್ಟ ಪತ್ರೊಡೆ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೋದರು.

ಆಮೇಲೆ ಚತುರ್ದಶಿಗಳ ಮೇಲೆ ನನ್ನ ರಿಸರ್ಚು ನಡೆಯಿತು. ಒಮ್ಮೊಮ್ಮೆ ಮೊಲಕ್ಕೆ ಬಿಡುವು ಕೊಟ್ಟು, ಕಿವಿಯ ಗಾಯ ಒಣಗಿದ ಮೇಲೆ ಸ್ವಲ್ಪ ತೆಗೆಯುವುದು. ಗೈಡರು ಹೇಳಿದಂತೆಯೇ ಸೀರಮ್ ಬರುಬರುತ್ತಾ ಸಪ್ಪೆಯಾಯಿತು, ಗೆರೆ ತೆಳ್ಳಗಾಯಿತು. ಆದರೆ ಅಷ್ಟರೊಳಗೆ ನನ್ನ ಹೆಸರುಕಾಳಿನ ಕತೆ ಮುಗಿದಿತ್ತು. ಒಣಕಾಳಿನ ಸಾರಕ್ಕೆ ಗೆರೆ ದಪ್ಪ. ನೀರಿನಲ್ಲಿ ನೆನೆದಷ್ಟು ಹೊತ್ತು ಅದು ಮಸುಕಾಗುತ್ತಾ ಹೋಗುತ್ತದೆ. ಮೊಳಕೆಯ ಬಿಳಿ ತುದಿ ಸಿಪ್ಪೆ ಒಡೆದು ಇಣುಕುವ ಹೊತ್ತಿಗೆ ಗೆರೆಯೇ ಇಲ್ಲ. ಹಿಡಿದುಕೊಂಡಿದ್ದ ಪ್ರೋಟೀನು ಕೈಬಿಟ್ಟಿತ್ತು. ಅದನ್ನು ಮೊದಲ ಸಲ ಕಂಡ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಯಾರಿಗಾದರೂ ತೋರಿಸಬೇಕೆನಿಸಿ ಕಾರಿಡಾರಿಗೆ ಬಂದೆ. ಪರೀಕ್ಷೆಯ ರಜೆ, ಒಂದು ನರಪಿಳ್ಳೆಯೂ ಇರಲಿಲ್ಲ. ಈಗಲೂ ಆ ಖಾಲಿ ಕಾರಿಡಾರು ಕಣ್ಣ ಮುಂದೆ ಬರುತ್ತದೆ.

ಎಂಫಿಲ್ ಬರೆದು ಕೊಟ್ಟೆ. ವೈವಾ ಮಾಡಲು ಹೊರಗಿನಿಂದ ಒಬ್ಬರು ಬಂದಿದ್ದರು. ದಪ್ಪ ಕನ್ನಡಕದ, ಸುಲಭವಾಗಿ ನಗದ ಮನುಷ್ಯ. ಪುಟ ತಿರುವುತ್ತಾ ಕೇಳಿದರು, "ಒಂದೇ ಕಾಳು ಯಾಕೆ? ಉದ್ದು, ಹುರುಳಿ ಮಾಡುವ ಯೋಚನೆ ಇತ್ತೆಂದು ನಿಮ್ಮ ಗೈಡ್ ಹೇಳಿದರು."

"ಸೀರಮ್ ಸಾಲಲಿಲ್ಲ ಸರ್."

"ಟೈಟರ್ ಇಷ್ಟು ಚೆನ್ನಾಗಿತ್ತು, ಸೀರಮ್ಮಿಗೆ ಶಕ್ತಿ ಇತ್ತು. ಫುಲ್ ಬ್ಲೀಡ್ ಮಾಡಲಿಲ್ಲವೇ?"

"ಇಲ್ಲ ಸರ್."

"ಮತ್ತೆ ಮೊಲ?"

"ಮನೆಯಲ್ಲಿ ಉಂಟು ಸರ್."

ಗೈಡರು ಕಿಟಕಿಯ ಹೊರಗೆ ನೋಡತೊಡಗಿದರು. ಬಂದವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈಗಲೂ?"

"ಹೌದು ಸರ್. ಈ ಹೊತ್ತಿಗೆ ಹುಲ್ಲು ತಿನ್ನುತ್ತಾ ಇರಬೇಕು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಸಹಿ ಹಾಕಿ ಪುಸ್ತಕ ಮುಚ್ಚಿದರು. ಕಾಲೇಜಿನಿಂದ ನಿವೃತ್ತಳಾಗುವವರೆಗೂ ನನ್ನ ಹೆಸರಿನ ಹಿಂದೆ ಡಾಕ್ಟರ್ ಸೇರಲಿಲ್ಲ. ಸ್ಟಾಫ್‌ರೂಮಿನ ಬೋರ್ಡಿನಲ್ಲಿ ಒಬ್ಬೊಬ್ಬರ ಹೆಸರಿನ ಹಿಂದೆ ಅದು ಬಂದು ಕೂರುವಾಗ ಬೋರ್ಡಿನ ಕಡೆ ನೋಡದೆ ದಾಟಿ ಹೋದದ್ದುಂಟು. ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದರೆ ಮೊಲ ಜಗಲಿಯ ತಂಪಿನಲ್ಲಿ ಕಾಲು ಚಾಚಿ ಮಲಗಿರುತ್ತಿತ್ತು. ಮುದಿಯಾಗಿ, ದಪ್ಪವಾಗಿ, ಒಂದು ಮಳೆಗಾಲದ ಬೆಳಿಗ್ಗೆ ತಾನಾಗಿಯೇ ಕಣ್ಣು ಮುಚ್ಚುವ ತನಕ.